ಕಂಬಳಿ ಹೊದ್ದ ಮೋಟಾರು

ಮಧುಗಿರಿ

೧೯೩೯ನೇ ಇಸವಿ ಜನವರಿ ತಿಂಗಳ ಹದಿನಾರನೇ ತಾರೀಖು, ಸೋಮವಾರ, ಬೆಳಗಿನ ಆರೂಕಾಲು ಗಂಟೆ. ಸಂಕ್ರಾಂತಿ ಮುಗಿದು ಎರಡು ದಿನವಾಗಿತ್ತು. ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಾಕಿರಲಿಲ್ಲ. ತುಮಕೂರಿಗೆ ಹೋಗುವ ಬಸ್ಸಿನ ಮೇಲೆ ನಮ್ಮ ತಗಡಿನ ಟ್ರಂಕನ್ನೂ ಕಂಬಳಿಗಳ ಒಂದು ದೊಡ್ಡ ಸುರುಳಿಯನ್ನೂ ಏರಿಸಿ ಕಟ್ಟಿದ ಗಳಿಗೆಗೆ ಈ ಪ್ರವಾಸ ಮೊದಲಾಯಿತೆಂದು ನನ್ನ ದಿನಚರಿಯಲ್ಲಿದೆ.

ನನ್ನ ಜೊತೆಗಿದ್ದವರು ಶಿರಾದ ಕಂಬಳಿ ವ್ಯಾಪಾರಿ ದಸ್ತಗೀರ್ ಸಾಹೇಬರು. ಸರಿಯಾಗಿ ಹೇಳಬೇಕೆಂದರೆ ನಾನೇ ಅವರ ಜೊತೆಗಿದ್ದೆ. ಬೆಂಗಳೂರಿನಲ್ಲಿ ಇಂಟರ್‌ಮೀಡಿಯಟ್ ಮುಗಿಸಿ ಊರಿಗೆ ಬಂದ ಮೇಲೆ ಅವರ ಇಂಗ್ಲಿಷ್ ಪತ್ರಗಳನ್ನು ಬರೆದುಕೊಡುವುದು ನನ್ನ ಕೆಲಸವಾಗಿದೆ. ಅವರು ನನ್ನ ತಂದೆಯ ಓರಗೆಯವರು, ಹಳೆಯ ಸ್ನೇಹಿತರು. ಹಿಂದಿನ ದಿನವೇ ಶಿರಾದಿಂದ ಬಂದು ನಮ್ಮ ಮನೆಯ ಜಗಲಿಯಲ್ಲಿ ಮಲಗಿದ್ದರು. ನಮ್ಮಮ್ಮ ಅವರ ಕೈಗೆ ಎಳ್ಳುಬೆಲ್ಲದ ಡಬ್ಬಿಯೊಂದನ್ನು ಕೊಟ್ಟು, ನನ್ನ ಕಡೆ ಬೆರಳು ತೋರಿಸಿ, ಇವನಿಗೆ ಸಮುದ್ರ ದಾಟಿದ ಮೇಲೆ ಏನೂ ಸೇರುವುದಿಲ್ಲ, ಹಸಿದರೆ ಕೊಡಿ ಎಂದು ಹೇಳಿದರು. ನನಗೆ ಇಪ್ಪತ್ತಮೂರು ವರ್ಷವಾಗಿದೆ ಎಂಬುದನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾವು ಹೊರಟದ್ದು ಸಿಂಹಳ ದ್ವೀಪಕ್ಕೆ. ಯಾಕೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಲ್ಲಿನ ಟೀ ತೋಟಗಳಲ್ಲಿ ಕೂಲಿಯವರಿಗೆ ವರ್ಷಕ್ಕೊಂದು ಕಂಬಳಿ ಹಂಚುವ ಪದ್ಧತಿ ಇದೆ. ಹೋದ ವರ್ಷ ಸಾಹೇಬರು ಅಲ್ಲಿನ ಒಂದು ತೋಟಕ್ಕೆ ಮೊದಲ ಸಲ ನೇರವಾಗಿ ಕಂಬಳಿ ಕಳುಹಿಸಿದರು. ಈ ವರ್ಷಕ್ಕೆ ತೋಟದ ದೊರೆ ಅದರ ಎರಡರಷ್ಟು ಬೇಕೆಂದು ಬರೆಸಿದ. ಸಾಹೇಬರು ಶಿರಾ, ಮಧುಗಿರಿ, ಪಾವಗಡ ಕಡೆಯ ಊರೂರು ಸುತ್ತಿ ಮಗ್ಗದವರಿಗೆಲ್ಲ ಒಂದೇ ಮಾತು ಹೇಳಿ ಬಂದರು: ನೇಯಿರಿ, ಒಂದೂ ವಾಪಸು ಬರುವುದಿಲ್ಲ. ಅವರು ನೇಯ್ದರು. ಶಿರಾದ ಮಳಿಗೆಯಲ್ಲಿ ಕಂಬಳಿ ತೊಲೆ ಮುಟ್ಟಿತು. ಆಮೇಲೆ ಡಿಸೆಂಬರಿನಲ್ಲಿ ಕೊಲಂಬೋದ ಏಜೆಂಟನ ಪತ್ರ ಬಂತು. ಹೋದ ವರ್ಷದ ಕಂಬಳಿಗಳು ಮಳೆಯಲ್ಲಿ ನೆನೆದು ನಾರುತ್ತಿವೆ, ಕೂಲಿಯವರು ಹೊದೆಯುವುದಿಲ್ಲ, ಈ ವರ್ಷದ ಮಾಲು ಬೇಡ.

ಸಾಹೇಬರು ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದರು. ಅವರ ಮಳಿಗೆಗೆ ಗಿರಾಕಿ ಬಂದರೆ ಅವರು ಮಾಡುವ ಒಂದು ಕೆಲಸವಿದೆ. ಹೊಸ ಕಂಬಳಿಯೊಂದನ್ನು ಎಳೆದು, ನಡುವೆ ಮಡಿಸಿ ನೆಲದ ಮೇಲೆ ನಿಲ್ಲಿಸುತ್ತಾರೆ. ಅದು ಗುಡಾರದ ಹಾಗೆ ನಿಲ್ಲುತ್ತದೆ. ನಮ್ಮ ಕಡೆ ನೂಲಿಗೆ ಹುಣಸೆ ಬೀಜ ಅರೆದು ಕಾಯಿಸಿದ ಗಂಜಿ ಹಚ್ಚಿ ನೇಯುತ್ತಾರಲ್ಲ, ಆ ಬಿಗಿ ಅದು. ಪತ್ರ ಬಂದ ದಿನವೂ ಹಾಗೆಯೇ ಒಂದನ್ನು ನಿಲ್ಲಿಸಿ ಹೇಳಿದರು:

“ಕಂಬಳಿ ಅಂದ್ರೆ ತಾನಾಗೇ ನಿಂತ್ಕಬೇಕು ಕಣಪ್ಪ. ಇದು ನಾರ್ತದಾ? ಹಡಗಿನೋರು ಕೊಳೆನೀರಲ್ಲಿ ಎಸೆದವ್ರೆ. ನಾನೇ ಓಗಿ ಆ ದೊರೆ ಮುಂದೆ ಇಂಗೇ ನಿಲ್ಸಿ ತೋರುಸ್ತೀನಿ.”

ತಂತಿ ಹೋಯಿತು, ತಂತಿ ಬಂತು. ದೊರೆ ಇಪ್ಪತ್ತೊಂದನೇ ತಾರೀಖು ರಜದ ಮೇಲೆ ತನ್ನ ಸೀಮೆಗೆ ಹೊರಡುತ್ತಾನೆ, ಅದರೊಳಗೆ ಬಂದರೆ ನೋಡುತ್ತಾನೆ ಎಂದಿತ್ತು. ಹಡಗಿನ ದಾರಿ ಹಿಡಿದರೆ ರಾಮೇಶ್ವರದ ಹತ್ತಿರದ ಮಂಡಪಂ ಶಿಬಿರದಲ್ಲಿ ಆರೋಗ್ಯ ತಪಾಸಣೆಗೆಂದು ಎಷ್ಟು ದಿನ ಕೂರಿಸುತ್ತಾರೋ ತಿಳಿಯದು. ಹೀಗೆ ಶಿರಾದ ಕಂಬಳಿ ವ್ಯಾಪಾರಿಯೂ ಮಧುಗಿರಿಯ ಗುಮಾಸ್ತನೂ ವಿಮಾನ ಹತ್ತುವ ಪ್ರಸಂಗ ಒದಗಿತು. ಸುರುಳಿಯಲ್ಲಿ ಐದು ಕಂಬಳಿ. ಎಲ್ಲಕ್ಕಿಂತ ಚೆನ್ನಾದ, ಕೆಂಪು ಅಂಚಿನ ಆರನೆಯದು ಟ್ರಂಕಿನೊಳಗೆ.

ರತ್ಮಲಾನ, ಬುಧವಾರ

ವಿಮಾನದ ವರ್ಣನೆಗೆ ಕಾದಿರುವವರಿಗೆ ನಿರಾಶೆಯಾಗಬಹುದು. ನನಗೆ ಕಂಡದ್ದು ರೆಕ್ಕೆ ಮತ್ತು ಬಿಳಿ ಮೋಡ. ಕಿವಿಗೆ ತುರುಕಿಕೊಳ್ಳಲು ಹತ್ತಿ ಕೊಟ್ಟಿದ್ದರು. ಸಾಹೇಬರು ಮದರಾಸಿನಲ್ಲಿ ಮುಚ್ಚಿದ ಕಣ್ಣನ್ನು ಕೊಲಂಬೋ ಹತ್ತಿರದ ರತ್ಮಲಾನ ವಿಮಾನ ನಿಲ್ದಾಣದಲ್ಲೇ ತೆರೆದದ್ದು. ಇಳಿದು ಹುಲ್ಲಿನ ಮೇಲೆ ಕೂತು, ಜಪಸರವನ್ನು ಜೇಬಿಗೆ ಹಾಕಿ, “ಇನ್ ಮ್ಯಾಲೆ ಬಾಗ್ಲು ಹಾಕೋ ಯಾವ ಡಬ್ಬೀಲೂ ನಾನು ಕೂರಾಕಿಲ್ಲ ಬೇಟಾ. ಗಾಳಿ ಮುಖಕ್ಕೆ ಬಡೀಬೇಕು,” ಎಂದರು.

ಮುಂದೆ ಆದದ್ದಕ್ಕೆಲ್ಲ ಈ ಮಾತೇ ಮೊದಲು.

ನಿಲ್ದಾಣದ ಗೇಟಿನ ಪಕ್ಕದಲ್ಲಿ ತೆಂಗಿನ ಗರಿ ಹೊದಿಸಿದ ಒಂದು ಕೊಟ್ಟಿಗೆಯಲ್ಲಿ ಮೋಟಾರುಗಳು ಬಾಡಿಗೆಗೆ ಸಿಗುತ್ತವೆ. ಅಂದು ಎರಡಿದ್ದವು. ಒಂದು ಗಾಜಿನ ಕಿಟಕಿಗಳ ಮುಚ್ಚಿದ ಕಾರು, ಹೊಸದು. ಇನ್ನೊಂದು ಬೇಕಾದಾಗ ಕ್ಯಾನ್ವಾಸಿನ ಹುಡ್ ಎಳೆದುಕೊಳ್ಳುವ ತೆರೆದ ಕಾರು, ಹಳೆಯದು. ಬಾಡಿಗೆಯವನು ಬಿಳಿ ಕೋಟು ತೊಟ್ಟು, ಕೆಳಗೆ ಲುಂಗಿ ಉಟ್ಟಿದ್ದ. ಬೆಟ್ಟದ ದಾರಿ ಎಂದು ನಾವು ಹೇಳಿದ ಕೂಡಲೇ ಆತ ಹೆಣ್ಣು ತೋರಿಸುವ ಮನೆಯವರ ಹಾಗೆ ಒಂದೊಂದು ಬೆಟ್ಟದ ಗುಣವನ್ನೂ ವರ್ಣಿಸಿದ. ಅಂಥ ನೋಟವನ್ನು ಗಾಜಿನ ಹಿಂದೆ ಕೂತು ನೋಡುವುದು ಪಾಪ ಎಂದ. ಸಾಹೇಬರು ಅಷ್ಟರಲ್ಲಿ ತೆರೆದ ಕಾರಿನಲ್ಲಿ ಕೂತಾಗಿತ್ತು.

ಬಾಡಿಗೆಗೆ ತರುವ ವಸ್ತುವಿನಲ್ಲಿ ಮೊದಲೇ ಇರುವ ಕುಂದುಗಳನ್ನು ಬರೆದಿಟ್ಟುಕೊಳ್ಳುವುದು ನನ್ನ ನಿಯಮ. ಮದುವೆಗೆ ಪಾತ್ರೆ ತರುವಾಗ ಕೊಳಗದ ತಗ್ಗುಗಳನ್ನೂ ಹೀಗೆಯೇ ಬರೆದುಕೊಳ್ಳುತ್ತೇನೆ. ಕಾರಿನ ಸುತ್ತ ಎರಡು ಸುತ್ತು ಬಂದೆ. ಬಲಗಡೆ ದೀಪದ ಗಾಜಿನಲ್ಲಿ ಬಿರುಕು. ಹಿಂದಿನ ಮಡ್‌ಗಾರ್ಡಿನಲ್ಲಿ ಎರಡು ತಗ್ಗು. ಮೂರನೆಯದನ್ನು ಬಾಡಿಗೆಯವನೇ ತೋರಿಸಿಕೊಟ್ಟ. ಹಾರನ್ನಿನ ರಬ್ಬರಿಗೆ ತೇಪೆ. ಹುಡ್: ಇದೆ. ಹಿಂದೆ ಅಚ್ಚುಕಟ್ಟಾಗಿ ಮಡಿಸಿ ಪಟ್ಟಿ ಬಿಗಿದಿದ್ದ ಹುಡ್ಡನ್ನು ಬಿಚ್ಚಿ ನೋಡುವುದು ನನಗೆ ಹೊಳೆಯಲಿಲ್ಲ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಕಾರಿನೊಂದಿಗೆ ಬಂದ ಚಾಲಕನ ಹೆಸರು ಪಿಯದಾಸ. ಐವತ್ತರ ಆಸುಪಾಸು. ಉದ್ದ ಕೂದಲನ್ನು ಗಂಟು ಹಾಕಿ, ನೆತ್ತಿಯ ಮೇಲೆ ಆಮೆಚಿಪ್ಪಿನ ಬಾಗಿದ ಬಾಚಣಿಗೆಯೊಂದನ್ನು ಸಿಕ್ಕಿಸಿಕೊಂಡಿದ್ದ. ಅಲ್ಲಿನ ಹಳೆಯ ಕಾಲದ ಗಂಡಸರಿಗೆ ಅದು ಮರ್ಯಾದೆಯ ಗುರುತು. ಸಾಹೇಬರು ಹಿಂದಿನ ಸೀಟಿನಿಂದ ಅದನ್ನೇ ಹತ್ತು ಮೈಲಿ ನೋಡಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ಬಾಗಿ, ನಮ್ಮ ರುಮಾಲನ್ನು ನೋಡಿ ಅವನಿಗೂ ಇಷ್ಟೇ ನಗು ಬರುತ್ತಿರಬೇಕು ಎಂದರು. ಪಿಯದಾಸನಿಗೆ ಅಷ್ಟಿಷ್ಟು ತಮಿಳು ಬರುತ್ತಿತ್ತು, ನನಗೆ ಬೆಂಗಳೂರು ದಂಡಿನ ತಮಿಳು. ನಮ್ಮಿಬ್ಬರನ್ನೂ ಅವನು ‘ಮಹತ್ತಯಾ’, ಎಂದರೆ ಯಜಮಾನರೇ, ಎಂದು ಕರೆಯುತ್ತಿದ್ದ. ಆ ಶಬ್ದ ಸಾಹೇಬರಿಗೆ ಬಹಳ ಹಿಡಿಸಿತು.

ಕಡುಗಣ್ಣಾವ ಘಾಟಿ

ರಸ್ತೆಯ ಎರಡು ಕಡೆಯೂ ತೆಂಗು. ಶಿರಾದ ತೋಟಗಳ ತೆಂಗಿನಂತೆ ಸಾಲಾಗಿ ಅಲ್ಲ, ಹುಲ್ಲಿನ ಹಾಗೆ ಮನಬಂದಲ್ಲಿ. ನೀರು ಎಲ್ಲೆಂದರಲ್ಲಿ ನಿಂತಿತ್ತು, ಅದನ್ನು ಯಾರೂ ಕಾಯುತ್ತಿರಲಿಲ್ಲ. ಕೆರೆಯ ನೀರಿನ ಸರದಿಗಾಗಿ ಬೆಳಗಿನ ಜಾವ ತೂಬಿನ ಮೇಲೆ ಕೂರುವ ನಮ್ಮವರು ನೆನಪಾಗಿ, ಇಷ್ಟೊಂದು ನೀರಿನ ಪಕ್ಕ ಯಾರೂ ಜಗಳವಾಡದೆ ನಡೆದುಹೋಗುವುದು ನನಗೆ ವಿಚಿತ್ರವೆನಿಸಿತು.

ಘಾಟಿಯ ಬುಡದಲ್ಲಿ ಅರಳಿಮರದ ಕೆಳಗೆ ಬುದ್ಧನ ಸಣ್ಣ ಗುಡಿ. ಪಿಯದಾಸ ಕಾರು ನಿಲ್ಲಿಸಿ ಇಳಿದು, ಪೆಟ್ಟಿಗೆಗೆ ಕಾಸು ಹಾಕಿ ಕೈಮುಗಿದು ಬಂದ. ನಮ್ಮ ಬಸ್ಸಿನವರು ಹೊಸ ವರ್ಷಕ್ಕೊಮ್ಮೆ ತೆಂಗಿನಕಾಯಿ ಒಡೆದು ಮುಗಿಸುತ್ತಾರೆ; ಇವನು ಪ್ರತಿ ಏರಿಗೂ ಇಳಿಯುತ್ತಿದ್ದ. ಕ್ಯಾಂಡಿ ಮುಟ್ಟುವವರೆಗೆ ನಾಲ್ಕು ಸಲ ಎಂದು ಬರೆದುಕೊಂಡಿದ್ದೇನೆ.

ಎರಡನೆಯ ತಿರುವಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವ ಮುಂಚೆ ಗುಡುಗುತ್ತದೆ, ಗಾಳಿ ಎಬ್ಬಿಸುತ್ತದೆ, ಒಂದೆರಡು ದಪ್ಪ ಹನಿ ಉದುರಿಸಿ ಒಳಗೆ ಹೋಗಲು ಸಮಯ ಕೊಡುತ್ತದೆ. ಅಲ್ಲಿ ಹಾಗಿಲ್ಲ. ಪಿಯದಾಸ ಹಿಂದಿನ ಪಟ್ಟಿ ಬಿಚ್ಚಿ ಹುಡ್ ಎಳೆದ. ಅದರ ನಡುಭಾಗವನ್ನು ಇಲಿ ತಿಂದುಹಾಕಿತ್ತು. ಒಬ್ಬ ಮನುಷ್ಯ ಭುಜದವರೆಗೆ ತೂರಿ ಹೊರಗೆ ನೋಡಬಹುದಾದ ತೂತು. ಸಾಹೇಬರು ಆ ತೂತಿನಿಂದ ಆಕಾಶವನ್ನು ನೋಡಿ, ನನ್ನನ್ನು ನೋಡಿ, “ಇದನ್ನ ಬರಕೊಂಡಿದೀಯೇನಪ್ಪಾ?” ಎಂದರು.

ಆಮೇಲೆ ತಾವೇ ಸುರುಳಿಯ ಹಗ್ಗ ಬಿಚ್ಚಿದರು. ನಾಲ್ಕು ಕಂಬಳಿ ಹುಡ್ಡಿನ ಮೇಲೆ, ಐದನೆಯದು ನಮ್ಮ ಮಂಡಿಗಳ ಮೇಲೆ. ಅವುಗಳ ಬಿಗಿ ಎಷ್ಟೆಂದರೆ ತೂತಿನ ಮೇಲೆ ಹಲಗೆ ಇಟ್ಟ ಹಾಗೆ ಕೂತವು. ಮೊದಲ ಅರ್ಧ ಗಂಟೆ ಒಂದು ತೊಟ್ಟೂ ಒಳಗಿಳಿಯಲಿಲ್ಲ. ಸಾಹೇಬರ ಮುಖ ನೋಡಬೇಕಿತ್ತು. ಪಿಯದಾಸನ ಬೆನ್ನು ತಟ್ಟಿ ಕನ್ನಡದಲ್ಲೇ ಹೇಳಿದರು: “ನೋಡಯ್ಯಾ, ಇದು ಶಿರಾ ಕಂಬಳಿ. ನಿನ್ನ ಹುಡ್ಡನ್ನ ಇಲಿ ತಿಂತು, ಇದನ್ನ ತಿನ್ನೋ ಇಲಿ ಇನ್ನೂ ಉಟ್ಟಿಲ್ಲ.”

ಮಳೆ ಅರ್ಧ ಗಂಟೆಗೆ ನಿಲ್ಲಲಿಲ್ಲ. ಎರಡು ಗಂಟೆ ಕಾಲ ಪಾವಗಡಕ್ಕೆ ಒಂದು ವರ್ಷಕ್ಕೆ ಸಾಕಾಗುವಷ್ಟು ಸುರಿಯಿತು. ಕೊನೆಕೊನೆಗೆ ಕಂಬಳಿಗಳು ಜೋತುಬಿದ್ದು, ಪಿಯದಾಸನ ಬಿಳಿ ಕೋಟಿನ ಮೇಲೆ ಹನಿ ತೊಟ್ಟಿಕ್ಕಿತು. ಒರೆಸಿದರೆ ಕೈಗೆ ಅಂಟುತ್ತಿತ್ತು. ಅದು ನನ್ನ ಬೆರಳಿಗೂ ಅಂಟಿತು. ದಿನಚರಿಯಲ್ಲಿ ಮಾತ್ರ ‘ಮಳೆ ನಿಂತಿತು’ ಎಂದಷ್ಟೇ ಇದೆ.

ಕ್ಯಾಂಡಿ, ಗುರುವಾರ

ಮುಂದಿನ ದಾರಿಯಲ್ಲಿ ಗುಡ್ಡ ಕುಸಿದಿದೆ, ಮಣ್ಣು ತೆಗೆಯುವವರೆಗೆ ಮೋಟಾರು ಬಿಡುವುದಿಲ್ಲ ಎಂದರು. ಒಂದು ದಿನ ಹೋಯಿತು. ದೊರೆ ಶನಿವಾರ ಹೊರಡುವವನು. ಸಾಹೇಬರು ಮಸೀದಿಯ ಪಕ್ಕದ ಮುಸಾಫಿರಖಾನೆಯ ಬಾಗಿಲಲ್ಲಿ ನಿಂತು ಮಳೆಯನ್ನು ನೋಡುತ್ತ, ಊರಿನಲ್ಲಿ ಇದೇ ಮಳೆಗೆ ಕೈ ಮುಗಿಯುತ್ತಿದ್ದೆವಲ್ಲ ಎಂದರು. ಒದ್ದೆ ಕಂಬಳಿಗಳು ಕಾರಿನ ಹಿಂಭಾಗದಲ್ಲಿ ಸುರುಳಿಯಾಗಿಯೇ ಇದ್ದವು. ಹರಡೋಣವೇ ಎಂದು ಕೇಳಿದೆ. ಕಂಬಳಿಗೆ ಮಳೆ ಏನು ಮಾಡುತ್ತದೆ ಎಂದುಬಿಟ್ಟರು. ನಮ್ಮ ಕಡೆ ನೆನೆದ ಕಂಬಳಿ ಮಾರನೆಯ ದಿನದ ಬಿಸಿಲಿಗೆ ತಾನೇ ಗರಿಗರಿಯಾಗುತ್ತದೆ. ಮಾರನೆಯ ದಿನವೂ ಬಿಸಿಲು ಬಾರದ ಊರೊಂದಿದೆ ಎಂಬುದು ನಮ್ಮಿಬ್ಬರಲ್ಲಿ ಯಾರ ತಲೆಗೂ ಹೋಗಿರಲಿಲ್ಲ.

ಆ ಊರು ಚೆನ್ನಾಗಿದೆ. ನಡುವೆ ಒಂದು ಕೆರೆ, ಸುತ್ತ ಕಟ್ಟೆ, ಕಟ್ಟೆಯ ಮೇಲೆ ಕೊಡೆ ಹಿಡಿದು ನಿಧಾನವಾಗಿ ತಿರುಗುವ ಜನ. ಮಳೆ ಬಂದರೆ ಯಾರೂ ಓಡುವುದಿಲ್ಲ. ಪಿಯದಾಸ ಬಿಳಿ ಹೂವಿನ ತಟ್ಟೆ ಹಿಡಿದು ದೇವಾಲಯಕ್ಕೆ ಹೋಗಿಬಂದ. ನಮ್ಮ ಪರವಾಗಿಯೂ ಒಂದು ಹೂ ಇಟ್ಟೆ ಎಂದ. ನಾನು ಅವನಿಗೆ ಎಳ್ಳುಬೆಲ್ಲ ಕೊಟ್ಟೆ. ಅದರಲ್ಲಿದ್ದ ಕೊಬ್ಬರಿ ಚೂರನ್ನು ನೋಡಿ ನಕ್ಕ. ತೆಂಗಿನ ದೇಶಕ್ಕೆ ತೆಂಗು ತಂದಿದ್ದೀರಿ ಎಂದ. ಆದರೂ ಡಬ್ಬಿಯನ್ನು ಅರ್ಧಕ್ಕೆ ಇಳಿಸಿದ.

ಊಟದ ವಿಚಾರದಲ್ಲಿ ನಮ್ಮಮ್ಮ ಹೇಳಿದ್ದೇ ಸರಿಯಾಯಿತು. ಅಕ್ಕಿಯ ಶಾವಿಗೆ, ದೋಸೆಯಂಥ ಅಪ್ಪ, ಕಾಯಿಚಟ್ನಿ ಎಲ್ಲವೂ ನೋಡಲು ನಮ್ಮದೇ. ಆದರೆ ಚಟ್ನಿಗೂ ಪಲ್ಯಕ್ಕೂ ಒಣಮೀನಿನ ಪುಡಿ ಉದುರಿಸುತ್ತಾರೆ. ಸಾಹೇಬರು ಪ್ರತಿ ತಟ್ಟೆಯನ್ನೂ ತಾವು ಮೊದಲು ಬಾಯಿಗಿಟ್ಟು ನೋಡಿ, “ಇದು ಬ್ಯಾಡ ಬೇಟಾ, ಇದೂ ಬ್ಯಾಡ,” ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಸರಿಸಿದ್ದನ್ನೆಲ್ಲ ಅವರೇ ತಿಂದರು. ನನಗೆ ಉಳಿದದ್ದು ಬಾಳೆಹಣ್ಣು ಮತ್ತು ಬರಿಯ ಅಪ್ಪ. ಅಪ್ಪ ಒಂಬತ್ತು ತಿಂದೆ.

ಮುಸಾಫಿರಖಾನೆಯ ಮೆಟ್ಟಿಲು, ಶುಕ್ರವಾರ

ದಾರಿ ತೆರೆದಿದೆ ಎಂದು ಬೆಳಿಗ್ಗೆ ಸುದ್ದಿ ಬಂತು. ಅದರ ಹಿಂದೆಯೇ ಪಿಯದಾಸ ಮೂಗು ಮುಚ್ಚಿಕೊಂಡು ಬಂದ. ಕಾರಿನಲ್ಲಿ ಯಾವುದೋ ಪ್ರಾಣಿ ಸತ್ತಿದೆ, ಸೀಟಿನ ಕೆಳಗೆಲ್ಲ ಹುಡುಕಿದೆ, ಸಿಗಲಿಲ್ಲ ಎಂದ. ಸಾಹೇಬರೂ ಹೋಗಿ ಹುಡುಕಿದರು. ಆಮೇಲೆ ಪಿಯದಾಸ ಕಂಬಳಿಯ ಸುರುಳಿಯ ಕಡೆ ಕೈ ತೋರಿಸಿದ.

ಹುಳಿತ ಗಂಜಿಯ ವಾಸನೆ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಒದ್ದೆ ಕುರಿಯ ವಾಸನೆ ಸೇರಿಸಿಕೊಳ್ಳಿ. ಸಾಹೇಬರು ಬಾಗಿ ಮೂಸಿದರು. ಎರಡನೆಯ ಸಲವೂ ಮೂಸಿದರು. ಕಂಬಳಿಯ ತುದಿ ಹಿಡಿದು ಹಿಂಡಿದಾಗ ಲೋಳೆಯಂಥದು ಬೆರಳ ಸಂದಿನಿಂದ ಇಳಿಯಿತು. ಬಂದು ಮೆಟ್ಟಿಲ ಮೇಲೆ ಕೂತರು.

“ಸಂಜೀವ, ಹಡಗಿನೋರನ್ನ ಒಂದು ತಿಂಗಳಿಂದ ಬೈದಿದೀನಲ್ಲಪ್ಪಾ.”

“ಹೌದು ಸಾಹೇಬರೇ.”

“ಅವರು ಏನೂ ಮಾಡಿಲ್ಲ ಕಣೋ.”

ನನಗೆ ಟ್ರಂಕಿನೊಳಗಿನ ಕೆಂಪಂಚಿನ ಕಂಬಳಿ ನೆನಪಾಯಿತು. ಅದು ಒಣಗಿಯೇ ಇತ್ತು, ಮರದ ಹಲಗೆಯಂತೆ ಬಿಗಿಯಾಗಿ, ಹೊಸ ಉಣ್ಣೆಯ ವಾಸನೆಯಲ್ಲಿ. ಇವನ್ನು ಇಲ್ಲಿಯೇ ಬಿಟ್ಟು ಅದೊಂದನ್ನೇ ದೊರೆಗೆ ತೋರಿಸೋಣ, ಈ ವರ್ಷದ ಮಾಲು ಬೇರೆ ಎನ್ನೋಣ ಎಂದೆ. ಸಾಹೇಬರು ಎದ್ದರು. ಐದನ್ನೂ ಕಾರಿನ ಹಿಂದೆ ಹೊರಗಡೆಗೆ ಕಟ್ಟಿಸಿ ಹತ್ತಿ ಕೂತರು.

ಬಾಡಿಗೆಯವನು ವರ್ಣಿಸಿದ ನೋಟಗಳೆಲ್ಲ ಆ ದಾರಿಯಲ್ಲೇ ಇದ್ದವು. ಒಂದು ತಿರುವಿಗೊಂದು ಜಲಪಾತ. ಸಾಹೇಬರು ಒಂದನ್ನೂ ನೋಡಲಿಲ್ಲ. ತೊಲೆ ಮುಟ್ಟಿದ ಮಳಿಗೆಯೇ ಅವರ ಕಣ್ಣ ಮುಂದಿತ್ತೆಂದು ನನಗೆ ಗೊತ್ತಿತ್ತು. ತೋಟದ ಗೇಟಿನ ಬಳಿ ಕಾರು ನಿಂತಾಗ ಬಾಯಿ ಬಿಟ್ಟರು:

“ಎರಡೂ ಇಳುಸು. ಒಣಗಿರೋದೂ, ನಾರೋದೂ.”

ನಾನು ಟ್ರಂಕಿನ ಮೇಲಷ್ಟೇ ಕೈ ಇಟ್ಟದ್ದನ್ನು ನೋಡಿ ಮತ್ತೆ ಹೇಳಿದರು:

“ಟ್ರಂಕಿಂದು ತೋರ್ಸಿದ್ರೆ ಇವತ್ತು ತಗೋತಾನೆ ಬೇಟಾ. ಮಳೆ ಬಂದಾಗ ನಾನು ಇಲ್ಲಿ ಇರಾಕಿಲ್ಲ. ಹೊದ್ದೋರು ಇರ್ತಾರೆ.”

ತೋಟ, ಅದೇ ದಿನ

ದೊರೆ ತೆಳ್ಳನೆಯ ಮನುಷ್ಯ. ಬಿಸಿಲೇ ಇಲ್ಲದ ಆ ಊರಿನಲ್ಲಿ ಮೂಗಿನ ತುದಿ ಹೇಗೆ ಸುಟ್ಟುಕೊಂಡಿದ್ದನೋ ತಿಳಿಯದು. ಬಂಗಲೆಯ ವರಾಂಡದಲ್ಲಿ ಪೆಟ್ಟಿಗೆಗಳನ್ನು ಕಟ್ಟಿಸುತ್ತಿದ್ದ. ಸಾಹೇಬರು ಕೆಂಪಂಚಿನದನ್ನು ನೆಲದ ಮೇಲೆ ನಿಲ್ಲಿಸಿದರು. ಅದು ನಿಂತಿತು. ಅದರ ಪಕ್ಕದಲ್ಲಿ ಸುರುಳಿಯನ್ನು ಬಿಚ್ಚಿದರು. ದೊರೆಯ ನಾಯಿ ಎದ್ದು ತೋಟದ ಕಡೆ ನಡೆಯಿತು.

ಇದು ನಾವು ನೇಯ್ದದ್ದು, ಇದು ಎರಡು ದಿನ ಇಲ್ಲಿನ ಮಳೆಯಲ್ಲಿ ನೆನೆದದ್ದು, ಹಡಗಿನವರದೂ ತಪ್ಪಿಲ್ಲ, ನಿಮ್ಮ ಉಗ್ರಾಣದವರದೂ ತಪ್ಪಿಲ್ಲ ಎಂದು ಸಾಹೇಬರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ದೊರೆ ಬೈಯುತ್ತಾನೆಂದುಕೊಂಡಿದ್ದೆ. ಅವನು ಕುರ್ಚಿ ಹಾಕಿಸಿದ. ಈ ವಾಸನೆಯ ವಿಷಯವನ್ನು ಇಲ್ಲಿಯವರೆಗೆ ಯಾರೂ ನಂಬಿರಲಿಲ್ಲವಂತೆ. ಅವನ ಏಜೆಂಟನೇ, ಶಿರಾದಲ್ಲಿ ಇಂಥ ದೂರು ಎಂದೂ ಬಂದಿಲ್ಲ ಎಂದು ಬರೆದಿದ್ದನಂತೆ. ಬಂದಿರಲಿಲ್ಲ, ನಿಜ. ಶಿರಾದಲ್ಲಿ ಕಂಬಳಿ ಎರಡು ದಿನ ಒದ್ದೆಯಾಗಿ ಉಳಿದದ್ದೇ ಇಲ್ಲ.

ಗಂಜಿ ತೆಗೆದುಬಿಟ್ಟರೆ ಉಳಿಯುವುದು ಬರಿಯ ಉಣ್ಣೆ, ಅದು ಕೊಳೆಯುವುದಿಲ್ಲ, ಒಗೆದು ಒಣಗಿಸಿ ತೋರಿಸುತ್ತೇನೆ ಎಂದು ಸಾಹೇಬರು ಕೇಳಿಕೊಂಡರು. ನಾಲ್ಕು ಗಂಟೆಗೆ ಲೆಕ್ಕದವರನ್ನು ಕಳುಹಿಸಿ ಬಾಗಿಲು ಹಾಕುತ್ತೇನೆ, ಅಲ್ಲಿಯವರೆಗೆ ಸಮಯ ಎಂದು ದೊರೆ ಹೇಳಿದ. ಜೊತೆಗೆ ಒಂದು ಷರತ್ತು: ಇವನ್ನು ಟೀ ಕಾರ್ಖಾನೆಯ ಹತ್ತಿರ ಸುಳಿಸಬಾರದು, ಟೀ ಎಲೆ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ.

ಕೆಳಗೆ ತೊರೆಯೊಂದು ಹರಿಯುತ್ತಿತ್ತು. ಸಾಹೇಬರು ಪಾಯಿಜಾಮವನ್ನು ಮೊಣಕಾಲ ಮೇಲೆ ಏರಿಸಿ ಇಳಿದರು, ನಾನೂ ಇಳಿದೆ. ನೀರು ಕೊರೆಯುತ್ತಿತ್ತು. ಕಂಬಳಿಗಳನ್ನು ಕಲ್ಲಿನ ಮೇಲೆ ಹಾಕಿ ರಾಗಿ ತೆನೆ ತುಳಿದ ಹಾಗೆ ತುಳಿದೆವು. ಗಂಜಿ ಅಂಬಲಿಯ ಹಾಗೆ ಬೆಳ್ಳಗೆ ಹೊರಟು ತೊರೆಯಲ್ಲಿ ಹರಿದುಹೋಯಿತು. ಮೇಲೆ ಬಂದಾಗ ಸಾಹೇಬರ ಕಾಲಲ್ಲಿ ಮೂರು ಜಿಗಣೆ, ನನ್ನದರಲ್ಲಿ ಐದು. ವಯಸ್ಸಾದವರ ರಕ್ತಕ್ಕೆ ರುಚಿ ಕಡಿಮೆ ಎಂದು ಅವರು ನಕ್ಕದ್ದು ಆ ದಿನದ ಮೊದಲ ನಗು.

ಒಗೆದದ್ದಾಯಿತು, ಒಣಗಿಸುವುದು ಎಲ್ಲಿ? ಆಕಾಶ ಬೂದಿ ಮುಚ್ಚಿದ ಹಾಗಿತ್ತು. ಆ ತೋಟದಲ್ಲಿ ಬಿಸಿಯಾಗಿದ್ದದ್ದು ಕಾರ್ಖಾನೆಯ ಅಟ್ಟ, ಅಲ್ಲಿಗೆ ಹೋಗುವಂತಿಲ್ಲ. ಸಾಹೇಬರು ನಾಲ್ಕೂ ಕಡೆ ನೋಡಿ ಕೊನೆಗೆ ನಮ್ಮ ಬಾಡಿಗೆಯ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅದಿನ್ನೂ ಬೆಚ್ಚಗಿತ್ತು.

ಪಿಯದಾಸ ಮೊದಲು ಒಪ್ಪಲಿಲ್ಲ. ಇದು ಮಹನೀಯರು ಕೂತು ಬೆಟ್ಟ ನೋಡುವ ಕಾರು, ದೋಬಿಯ ಗಾಡಿ ಅಲ್ಲ ಎಂದ. ಸಾಹೇಬರು ವಾದಿಸಲಿಲ್ಲ. ಎಳ್ಳುಬೆಲ್ಲದ ಡಬ್ಬಿ ತೆಗೆದು ಅವನ ಮುಂದಿಟ್ಟು, ತಾವೂ ಪಕ್ಕದಲ್ಲಿ ಕೂತರು. ಮಳಿಗೆಯಲ್ಲಿ ಎಷ್ಟು ಕಂಬಳಿ ಇದೆ, ಎಷ್ಟು ಊರಿನವರು ನೇಯ್ದಿದ್ದಾರೆ ಎಂದು ನನ್ನಿಂದ ಹೇಳಿಸಿದರು. ಪಿಯದಾಸ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಜಗಿದು ಮುಗಿಸಿ, ಮೇಲೆ ಎರಡು ಮೈಲಿ ಹೋದರೆ ಬೆಟ್ಟದ ಸಂದೊಂದಿದೆ, ಅಲ್ಲಿ ಗಾಳಿ ನಿಲ್ಲುವುದೇ ಇಲ್ಲ ಎಂದ. ಎದ್ದು ಹಗ್ಗ ತಂದ.

ಬೆಟ್ಟದ ಸಂದು

ಎರಡು ಕಂಬಳಿ ಹುಡ್ಡಿನ ಕಂಬಿಗಳ ಮೇಲೆ, ಒಂದೊಂದು ಎರಡು ಪಕ್ಕಕ್ಕೆ, ಒಂದು ಬಾನೆಟ್ಟಿನ ಮೇಲೆ. ಹೀಗೆ ಕಂಬಳಿ ಹೊದ್ದುಕೊಂಡು ನಮ್ಮ ಮೋಟಾರು ಆ ಏರನ್ನು ನಾಲ್ಕು ಸಲ ಹತ್ತಿ ಇಳಿಯಿತು. ಬಾನೆಟ್ಟಿನದು ಹಬೆಯಾಡುತ್ತಿತ್ತು. ಟೀ ಚಿಗುರು ಕೀಳುತ್ತಿದ್ದ ಹೆಂಗಸರು ಮೊದಲ ಸಲ ಬೆರಗಿನಿಂದ ನೋಡಿದರು. ಎರಡನೆಯ ಸಲ ನಕ್ಕರು. ಮೂರನೆಯ ಸಲ ಒಣಗಿತೇ ಎಂದು ತಮಿಳಿನಲ್ಲಿ ಕೂಗಿ ಕೇಳಿದರು. ಪಿಯದಾಸನೂ ತನ್ನ ಅಂಟು ಹಿಡಿದ ಕೋಟನ್ನು ತೊಳೆದು ದೀಪಕ್ಕೆ ಸಿಕ್ಕಿಸಿದ್ದ.

ಬೆಟ್ಟದ ಸಂದಿನಲ್ಲಿ ನಿಜವಾಗಿಯೂ ಗಾಳಿ ನಿಂತಿರಲಿಲ್ಲ. ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರಲು ಬಿಟ್ಟು, ಮೂವರೂ ರಸ್ತೆಯ ಬದಿಯಲ್ಲಿ ಕೂತೆವು. ಒಂದು ಗಳಿಗೆ ಮೋಡ ಹರಿದು ಬಿಸಿಲು ಬಿತ್ತು. ಆಗ ಕಂಡಿತು, ಬಾಡಿಗೆಯವನು ಹೇಳಿದ್ದ ನೋಟ. ಬೆಟ್ಟದ ಹಿಂದೆ ಬೆಟ್ಟ, ಎಲ್ಲವೂ ಬುಡದಿಂದ ನೆತ್ತಿಯವರೆಗೆ ಒಂದೇ ಹಸಿರು, ಅಲ್ಲಲ್ಲಿ ಬೆಳ್ಳಿಗೆರೆಯಂತೆ ನೀರು. ನಮ್ಮ ಕಡೆಯ ಸಿದ್ದರಬೆಟ್ಟದ ಮೇಲೆ ಶ್ರಾವಣದಲ್ಲಿ ಮಂಜು ಬಂದಾಗ ಹೀಗೆ ಸ್ವಲ್ಪ ಕಾಣುವುದುಂಟು. ಸಾಹೇಬರು ಬಹಳ ಹೊತ್ತು ನೋಡಿದರು.

“ಇಲ್ಲಿ ಬೆಟ್ಟಕ್ಕೇ ಕಂಬಳಿ ಹೊದ್ಸವ್ರಲ್ಲೋ. ನಮ್ಮ ಮಧುಗಿರಿ ಬೆಟ್ಟ ಬರೀ ಮೈಲಿ ನಿಂತೈತೆ, ಪಾಪ.”

ಕಂಬಳಿಯ ತುದಿಯನ್ನು ಅವರು ಕೆನ್ನೆಗೆ ಒತ್ತಿ ನೋಡಿದ್ದನ್ನು ನಾನು ಓರೆಗಣ್ಣಿನಿಂದ ಕಂಡೆ. ಅದು ಮೆತ್ತಗಾಗಿತ್ತು. ಅಗಲದಲ್ಲಿ ಒಂದು ಗೇಣು ಕಡಿಮೆಯಾಗಿತ್ತು. ನೆಲದ ಮೇಲೆ ನಿಲ್ಲಿಸಲು ಹೋದರೆ ಮುದ್ದೆಯಾಗಿ ಬಿತ್ತು. ಅವರ ಮುಖ ಒಂದು ಕ್ಷಣ ಸಣ್ಣದಾಯಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ವರಾಂಡ ಸೇರಿದೆವು. ದೊರೆ ಕಂಬಳಿಯನ್ನು ಮೂಸಿ ಮೇಜಿನ ಮೇಲಿಟ್ಟ. ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಕರೆಸಿ, ಹೊದ್ದುಕೋ ಎಂದ. ಅಲ್ಲಿ ಅದನ್ನು ತಲೆಯ ಮೇಲಿಂದ ಇಳಿಬಿಟ್ಟು, ಸೊಂಟಕ್ಕೆ ಬಿಗಿದು, ಬುಟ್ಟಿಯ ಹಗ್ಗವನ್ನು ಹಣೆಗೆ ಏರಿಸಿಕೊಳ್ಳುತ್ತಾರೆ. ಅವಳು ಹಾಗೆಯೇ ಮಾಡಿ, ಬಗ್ಗಿ, ಎದ್ದು, ತಲೆ ಅತ್ತಿತ್ತ ತಿರುಗಿಸಿದಳು. ಹೇಗಿದೆ ಎಂದು ದೊರೆ ಕೇಳಿದ್ದಕ್ಕೆ ಅವಳು ಹೇಳಿದ ತಮಿಳು ಮಾತನ್ನು ನಾನು ಸಾಹೇಬರಿಗೆ ಹಾಗೆಯೇ ಒಪ್ಪಿಸಿದೆ:

“ಹೋದ ವರ್ಷದ್ದು ತಾನೇ ನಿಲ್ಲುತ್ತಿತ್ತು. ಇದು ನನ್ನ ತಲೆಯ ಮೇಲೆ ನಿಲ್ಲುತ್ತದೆ.”

ದೊರೆಯ ತೀರ್ಮಾನ ಹೀಗೆ: ಕೇಳಿದಷ್ಟೂ ಕಂಬಳಿ ತೆಗೆದುಕೊಳ್ಳುತ್ತೇನೆ, ಆದರೆ ಒಗೆದು, ಮೆತ್ತಗಾಗಿ ಬರಬೇಕು. ಮೇ ತಿಂಗಳು ಮುಗಿಯುವುದರೊಳಗೆ, ದೊಡ್ಡ ಮಳೆಗೆ ಮುಂಚೆ, ಉಗ್ರಾಣದಲ್ಲಿರಬೇಕು. ಗಂಜಿಯ ಅಂಶವಿರುವ ಒಂದು ಸಿಕ್ಕಿದರೂ ಎಲ್ಲವೂ ವಾಪಸು. ಆ ಹೆಂಗಸು ಹೊದ್ದದ್ದನ್ನು ಸಾಹೇಬರು ಅವಳಿಗೇ ಬಿಟ್ಟರು. ಕೆಂಪಂಚಿನದನ್ನು ಹಾಗೆಯೇ ಟ್ರಂಕಿಗೆ ಹಾಕಿಕೊಂಡರು.

ಮತ್ತೆ ರತ್ಮಲಾನ

ಭಾನುವಾರ ಕಾರು ಒಪ್ಪಿಸಿದೆವು. ಬಾಡಿಗೆಯವನು ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಸಂದಿನಿಂದ ಕಪ್ಪು ಉಣ್ಣೆಯ ಎಳೆಯೊಂದನ್ನು ಎಳೆದು ನೋಡಿ, ಏನೆಂದು ಕೇಳಲಿಲ್ಲ. ನಾನು ಹುಡ್ಡಿನ ತೂತಿನ ವಿಷಯ ತೆಗೆದೆ. ಆತ ಸ್ವಲ್ಪವೂ ಅಳುಕದೆ, “ಓಹೋ, ಮಳೆ ಬಂತೇ?” ಎಂದ. ನೋಟ ಹೇಗಿತ್ತು ಎಂದೂ ಕೇಳಿದ. ಸಾಹೇಬರು ನನ್ನ ಕೈಯಲ್ಲಿ ಹೇಳಿಸಿದರು: ಚೆನ್ನಾಗಿತ್ತು, ತೂತು ಇಲ್ಲದಿದ್ದರೆ ನೋಡುತ್ತಲೇ ಇರಲಿಲ್ಲ. ಪಿಯದಾಸ ಖಾಲಿ ಡಬ್ಬಿಯನ್ನು ತೊಳೆದು, ಅದರ ತುಂಬ ಟೀ ಪುಡಿ ಹಾಕಿ ಕೊಟ್ಟ. ಸಾಹೇಬರು ಮರಳಿ ವಿಮಾನ ಹತ್ತಿದರು, ಕಣ್ಣು ಮುಚ್ಚಿಕೊಂಡೇ.

ಶಿರಾ

ಊರಿಗೆ ಬಂದ ಮೇಲೆಯೇ ನಿಜವಾದ ಕಷ್ಟ ಗೊತ್ತಾದದ್ದು. ಸಾಹೇಬರು ಮಗ್ಗದವರನ್ನು ಮಳಿಗೆಗೆ ಕರೆಸಿ ನಡೆದದ್ದೆಲ್ಲ ಹೇಳಿದರು. ಹೊಸ ಕಂಬಳಿಯನ್ನು ಒಗೆಯಬೇಕು ಎಂದರು. ಮಗ್ಗದವರಲ್ಲಿ ಹಿರಿಯನಾದ ಈರಣ್ಣ ತಲೆ ಕೆರೆದುಕೊಂಡು, “ಒಗೆದ್ರೆ ಅದು ಹಳೇದು ಕಣ್ ಸಾಬ್ರೇ. ಯಾರೋ ಹೊದ್ದು ಬುಟ್ಟಿದ್ದನ್ನ ಕಳ್ಸವ್ರೆ ಅಂತ ನಮ್ಮನ್ನ ಬಯ್ಯಾಕಿಲ್ವಾ?” ಎಂದ. ಪಾವಗಡದ ಕಡೆಯಿಂದ ಬಂದಿದ್ದ ಒಬ್ಬ, “ನೀಳ್ಳು ಲೇವು ಸಾಮಿ. ಕುಡಿಯಾಕೇ ನೀರಿಲ್ಲ, ಕಂಬ್ಳಿ ಎಲ್ಲಿ ತೊಳೀಲಿ?” ಎಂದ. ಸಾಹೇಬರು ಸುರುಳಿ ಬಿಚ್ಚಿದರು. ಉಳಿದ ನಾಲ್ಕು ಒಗೆದ ಕಂಬಳಿಗಳನ್ನು ಕೈಯಿಂದ ಕೈಗೆ ಕೊಟ್ಟರು. ಈರಣ್ಣ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದ. ಕೊನೆಗೆ, ಮೊಮ್ಮಗನಿಗೆ ಚೆನ್ನಾಗಿರುತ್ತದೆ ಎಂದ.

ಈಗ ಕೊರಟಗೆರೆಯ ಹತ್ತಿರ ಜಯಮಂಗಲಿ ಹೊಳೆಯ ಮರಳಿನಲ್ಲಿ ತಲಪರಿಗೆ ತೋಡಿದ್ದಾರೆ. ಮೇಲೆ ಒಣಮರಳು, ಎರಡಾಳು ಆಳ ಅಗೆದರೆ ತಿಳಿನೀರು ಊರಿ ಬರುತ್ತದೆ. ಎತ್ತಿನ ಗಾಡಿಗಳಲ್ಲಿ ಕಂಬಳಿ ಬರುತ್ತವೆ, ತುಳಿಸಿಕೊಳ್ಳುತ್ತವೆ, ಮರಳಿನ ಮೇಲೆ ಮಧ್ಯಾಹ್ನದೊಳಗೆ ಒಣಗುತ್ತವೆ. ಬಿಸಿಲು ನಮಗೆ ಬೇಕಾದಷ್ಟಿದೆ. ಇಂದು ಫೆಬ್ರವರಿ ಹತ್ತೊಂಬತ್ತು, ಭಾನುವಾರ. ಮೂರರಲ್ಲಿ ಒಂದು ಪಾಲು ಮುಗಿದಿದೆ. ನೀರು ದಿನಕ್ಕೆ ಒಂದು ಮೊಳ ಕೆಳಗಿಳಿಯುತ್ತಿದೆ. ಈ ವರ್ಷದ್ದು ಹೇಗೋ ದಾಟುತ್ತದೆ ಎಂದು ಸಾಹೇಬರು ಹೇಳುತ್ತಾರೆ, ನನಗೂ ಹಾಗೆಯೇ ತೋರುತ್ತದೆ. ಪ್ರತಿ ವರ್ಷ ಹೀಗೆ ಹೊಳೆಯನ್ನು ಅಗೆಯಲು ಆಗುವುದಿಲ್ಲ. ಗಂಜಿ ಇಲ್ಲದೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಗಂಜಿ ಇದ್ದರೆ ಆ ಬೆಟ್ಟಗಳಲ್ಲಿ ಕಂಬಳಿ ಬಾಳುವುದಿಲ್ಲ.

ಕೊಡಗಿನಲ್ಲಿ, ನೀಲಗಿರಿಯಲ್ಲಿ, ನಮ್ಮದೇ ಘಟ್ಟದ ಸೀಮೆಗಳಲ್ಲಿ ತಿಂಗಳುಗಟ್ಟಲೆ ಮಳೆಯಲ್ಲಿ ಕಂಬಳಿ ಹೊದೆಯುವವರಿದ್ದಾರೆ. ಅವರ ನೇಕಾರರು ನೂಲಿಗೆ ಏನು ಹಚ್ಚುತ್ತಾರೆ? ಹುಣಸೆ ಬೀಜದ ಗಂಜಿಗೆ ಏನು ಬೆರೆಸಿದರೆ ಅದು ಹುಳಿಯುವುದಿಲ್ಲ? ಗೊತ್ತಿದ್ದವರು, ಕೇಳಿ ತಿಳಿದವರು, ಅರ್ಧ ಗೊತ್ತಿದ್ದರೂ ಸರಿ, ಈ ಪತ್ರಿಕೆಯ ಮುಖಾಂತರ ನನಗೊಂದು ಕಾರ್ಡು ಬರೆಯಿರಿ. ಯಾರ ಉಪಾಯವನ್ನು ಯಾವ ದಿನ ಮಾಡಿ ನೋಡಿದೆವು, ಏನಾಯಿತು ಎಂಬುದನ್ನು ಬರೆದಿಟ್ಟುಕೊಂಡು ಅವರಿಗೆ ತಿಳಿಸುತ್ತೇನೆ. ಮಾಡಿ ನೋಡಲು ನೂಲೂ ಮಗ್ಗವೂ ಸಿದ್ಧವಾಗಿವೆ. ಕೆಂಪಂಚಿನದು ಮಳಿಗೆಯ ಬಾಗಿಲಲ್ಲಿ ಇನ್ನೂ ತಾನಾಗಿಯೇ ನಿಂತಿದೆ, ಅದರ ಪಕ್ಕದಲ್ಲಿ ಸಾಹೇಬರು ನೆನೆಸಿ ನೋಡಲೆಂದು ಒಂದು ಕೊಡ ನೀರು ಇಟ್ಟಿದ್ದಾರೆ.